ಕೊರಗಪ್ಪ ಕಟ್ಟಿದ ತಿಂಡಿ ಲಿಫ್ಟು

ಸಾಂತಾಕ್ರೂಜ್‌ನ ಒಂದು ಹೋಟೆಲಿನಲ್ಲಿ ಅಡುಗೆಮನೆ ಕೆಳಗೆ, ಎಸಿ ಹಾಲ್ ಮಾಳಿಗೆಯಲ್ಲಿ. ತಿಂಡಿ ಏರಿಸುವ ಮರದ ಪೆಟ್ಟಿಗೆಯ ಹಗ್ಗವನ್ನು ಕಾರ್ಕಳದ ಕೊರಗಪ್ಪ ಇಪ್ಪತ್ತೆರಡು ವರ್ಷ ಎಳೆದ. ಭುಜ ಕೈಕೊಟ್ಟಾಗ ಭಾಂಡುಪ್‌ನ ಗುಜರಿಯಿಂದ, ಕರೆಂಟಿನ ದಿಕ್ಕು ಬದಲಿಸಿದರೆ ತಿರುಗುವ ದಿಕ್ಕೂ ಬದಲಾಗುವ ಹಳೆಯ ಡಿಸಿ ಮೋಟಾರು ತಂದು, ತಾನೇ ವೈರಿಂಗಿಗೆ ಕೂತ.

"ಎಲೆಕ್ಟ್ರಿಷಿಯನ್ ಕರೆಯೋಣ" ಎಂದ ಮ್ಯಾನೇಜರನ್ನು ದುರುಗುಟ್ಟಿ ನೋಡಿದ. "ಈ ಪೆಟ್ಟಿಗೆ ನನ್ನಷ್ಟು ಯಾರಿಗೆ ಗೊತ್ತುಂಟು?"

ಮೊದಲ ಸಲ ಪೆಟ್ಟಿಗೆ ಏರಿ, ತುದಿ ಮುಟ್ಟಿದೊಡನೆ ಕರೆಂಟು ಕಡಿಯುವ ಮೇಲಿನ ಲಿಮಿಟ್ ಸ್ವಿಚ್ಚಿಗೆ ತಗುಲಿ ಸರಿಯಾಗಿ ನಿಂತಿತು. ಇಳಿಯಲು ಮಾತ್ರ ಒಪ್ಪಲಿಲ್ಲ. "ಇದಕ್ಕೆ ಮಂಡೆ ಸಮ ಇಲ್ಲ" ಎಂದು ಮೋಟಾರಿಗೆ ಬೈದ. ಬೈದು ಮುಗಿದ ಮೇಲೆ ತಪ್ಪು ತನ್ನದೆಂದು ಹೊಳೆಯಿತು: ಸ್ವಿಚ್ಚು ಏರುವ ಕರೆಂಟನ್ನಷ್ಟೇ ಕಡಿಯಬೇಕು, ಇಳಿಯುವ ಕರೆಂಟಿಗೆ ದಾರಿ ಬಿಡಬೇಕು. ಎರಡೂ ತುದಿಯ ಸ್ವಿಚ್ಚುಗಳಿಗೆ, ಒಂದೇ ದಿಕ್ಕಿಗೆ ಕರೆಂಟು ಬಿಡುವ ಡಯೋಡ್ ಬೆಸೆದ.

ಕೆಳಗೆ ಗುಂಡಿ ಒತ್ತಲು ದೋಸೆ ಹೊಯ್ಯುವ ಸೇವಂತಿಗೆ ಹೇಳಿ, ಮಾಳಿಗೆ ಹತ್ತಿ ಗಿರಾಕಿಗಳ ಕುರ್ಚಿಯೊಂದರ ಅಂಚಿನಲ್ಲಿ ಕೂತ. ಅಲ್ಲಿ ಕೂತದ್ದು ಅದೇ ಮೊದಲು. ಪೆಟ್ಟಿಗೆ ಗುಂಯ್ಗುಡುತ್ತ ಏರಿ ತಾನಾಗಿ ನಿಂತಿತು. ಒಳಗೊಂದು ತುಪ್ಪದ ದೋಸೆ.

"ಯಾವ ಟೇಬಲಿಂದು?" ಎಂದು ಪೆಟ್ಟಿಗೆ ಏರಿಳಿಯುವ ಗೂಡಿನೊಳಗೆ ಬಗ್ಗಿ ಕೂಗಿದ.

ಕೆಳಗಿನಿಂದ ಸೇವಂತಿಯ ದನಿ ಬಂತು: "ನಿಮ್ದೇ ಮಾರಾಯ್ರೆ, ಬಿಸಿ ಇರುವಾಗ ತಿನ್ನಿ. ಖಾಲಿ ಪ್ಲೇಟು ಇಳಿಸಿ, ಇನ್ನೊಂದು ಕಳಿಸ್ತೇನೆ."