ಬಾನೆಟ್ ಕೆಳಗಿನ ಹೊಟ್ಟೆಕಿಚ್ಚು

ಕಗ್ಗದಾಸಪುರದ ಮುಖ್ಯರಸ್ತೆಯಿಂದ ಎರಡು ತಿರುವು ಒಳಗಿರುವ ತಗಡಿನ ಶೆಡ್ಡಿನ ಮುಂದೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುನಿಶಾಮಿ ಹಳೆಯ ಬಿಳಿ ಕಾರೊಂದರ ಬಾನೆಟ್ ಎತ್ತಿ ನಿಲ್ಲಿಸಿ, ಇಂಜಿನ್ನಿನ ಮೇಲೆ ಅಂಗೈ ಇಡುತ್ತಾರೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ತಣ್ಣಗಿದೆ. ತೊಳೆಯುವಾಗ ಕಾದ ಇಂಜಿನ್ನಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುವ ಭಯ. ಹಾಗಾಗಿ ರಾತ್ರಿಯಿಡೀ ನಿಂತು ಆರಿದ ಗಾಡಿಗಳೇ ಅವರಿಗೆ ಬೇಕು, ಕೆಲಸವೂ ಊರು ಏಳುವ ಮುಂಚೆಯೇ ಶುರುವಾಗಬೇಕು.

ಮೊದಲು ಬ್ಯಾಟರಿಯ ವೈರು ಕಳಚುತ್ತಾರೆ. ಆಮೇಲೆ ನೀರು ತಾಗಬಾರದ ಕಡೆಗೆಲ್ಲ, ಫ್ಯೂಸ್ ಡಬ್ಬಿಗೆ, ಗಾಳಿ ಎಳೆದುಕೊಳ್ಳುವ ಬಾಯಿಗೆ, ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿಯುತ್ತಾರೆ. ಮೂಲೆಯಲ್ಲಿ ಸಿಕ್ಕಿಕೊಂಡ ಒಣಗಿದ ಎಲೆ, ಇಲಿ ತಂದು ಜೋಡಿಸಿದ ಬಟ್ಟೆಚೂರು, ಯಾರದೋ ಮನೆಯ ಅರ್ಧ ಚಪಾತಿ ಎಲ್ಲ ಆಚೆ ಬರುತ್ತವೆ. ಉಳಿಯುವುದು ಜಿಡ್ಡು. ಸೋರಿದ ಆಯಿಲ್ ಮತ್ತು ರಸ್ತೆಯ ಧೂಳು ವರ್ಷಗಟ್ಟಲೆ ಸೇರಿ ಬಾಣಲೆಯ ತಳದ ಕರಿಯಂತೆ ಗಟ್ಟಿಯಾಗಿದೆ. ಅದರ ಮೇಲೆ ಜಿಡ್ಡು ಬಿಡಿಸುವ ಔಷಧಿ ಚಿಮುಕಿಸಿ, ನೆನೆಯಲು ಬಿಟ್ಟು, ಮೊದಲು ಪೇಂಟ್ ಬ್ರಶ್ಶು, ಆಮೇಲೆ ಬಾಟಲಿ ತೊಳೆಯುವ ಬ್ರಶ್ಶು, ಕಡೆಗೆ ಹಲ್ಲುಜ್ಜುವ ಬ್ರಶ್ಶು ಹಿಡಿದು ಬಗ್ಗುತ್ತಾರೆ.

"ಒಂದ್ ಮಾತು ಮೊದ್ಲೇ ಹೇಳ್ಬಿಡ್ತೀನಿ ಸಾರ್," ಎನ್ನುತ್ತಾರೆ, ತಲೆ ಎತ್ತದೆ. "ಪೇಪರ್‌ನಲ್ಲಿ ಹಬೀಬ್ ಫೋಟೊ ಬರಬಾರ್ದು. ಹೆಸ್ರು ಬೇಕಾದ್ರೆ ಹಾಕ್ಕೊಳ್ಳಿ. ಬೇಡ, ಹೆಸ್ರೂ ಬೇಡ."

ಹೀಗೆ ಷರತ್ತು ಹಾಕಿದ ಮನುಷ್ಯ ಆಮೇಲೆ ಹಬೀಬನ ಹೆಸರು ಎತ್ತದೆ ನಾಲ್ಕು ಮಾತು ಪೂರೈಸಿದ್ದಿಲ್ಲ. ಆದ್ದರಿಂದ ಹಬೀಬ್ ಯಾರೆಂದು ಹೇಳದೆ ಮುನಿಶಾಮಿ ಯಾರೆಂದು ಹೇಳುವುದು ಸಾಧ್ಯವೇ ಇಲ್ಲ.

ಹಬೀಬ್ ಇದೇ ಶೆಡ್ಡಿನಲ್ಲಿ ಕಾರುಗಳ ಮೈಗೆ ಪಾಲಿಶ್ ಹಾಕುವವನು. ಶಿವಾಜಿನಗರದಿಂದ ಬರುತ್ತಾನೆ, ಬಿಸಿಲು ಚೆನ್ನಾಗಿ ಏರಿದ ಮೇಲೆ, ಇಸ್ತ್ರಿ ಮಾಡಿದ ಶರ್ಟಿನಲ್ಲಿ. ಅವನು ಕೈಯಾಡಿಸಿದ ಬಾಗಿಲಲ್ಲಿ ಎದುರು ಮನೆಯ ತೆಂಗಿನಮರದ ಒಂದೊಂದು ಗರಿಯೂ ಕಾಣುತ್ತದೆ. ಗಾಡಿಯವರು ಬರುತ್ತಾರೆ, ಅದರಲ್ಲಿ ಮುಖ ನೋಡಿಕೊಳ್ಳುತ್ತಾರೆ, ಹಬೀಬನ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆಸಿಕೊಳ್ಳುತ್ತಾರೆ. ಅದೇ ಗಾಡಿಯ ಇಂಜಿನ್ನನ್ನು ಬೆಳಗಿನ ಜಾವದಿಂದ ಉಜ್ಜಿದವರು ಪಕ್ಕದಲ್ಲೇ ಬಕೀಟು ತೊಳೆಯುತ್ತಿರುತ್ತಾರೆ.

"ಬಾನೆಟ್ ಮುಚ್ಚಿದ್ರೆ ನನ್ ಕೆಲ್ಸಾನೂ ಮುಚ್ಚೋಯ್ತು. ಯಾರೂ ಎತ್ತಿ ನೋಡಲ್ಲ. ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ, ಇಲ್ಲಿ ಕೈ ನಂದು, ಬಾಯಿ ಅವನ್ದು. ಹೊಟ್ಟೆ ಉರಿಯುತ್ತೆ ಸಾರ್, ಸುಳ್ಳ್ಯಾಕೆ ಹೇಳ್ಲಿ?"

ಮುನಿಶಾಮಿ ಹುಟ್ಟಿದ್ದು ಹಲಸೂರಿನಲ್ಲಿ. ಮೀಸೆ ಮೂಡುವ ಮುಂಚೆಯೇ ಟೂರಿಸ್ಟ್ ಬಸ್ಸುಗಳ ಗ್ಯಾರೇಜು ಸೇರಿದರು. ಆಗ ಔಷಧಿಯೂ ಇಲ್ಲ, ಗ್ಲೌಸೂ ಇಲ್ಲ. ಸೀಮೆಎಣ್ಣೆ ಮತ್ತು ಬನಿಯನ್ ವೇಸ್ಟು, ಅಂದರೆ ಬನಿಯನ್ ಬಟ್ಟೆಯ ಚಿಂದಿ, ಅಷ್ಟೇ. ಬೆರಳ ಸಂದಿಗಳು ಒಡೆದು ರಕ್ತ ಬರುತ್ತಿತ್ತು. ಅಂದಿನ ಬಿರುಕುಗಳು ಇಂದಿಗೂ ಅವರ ಅಂಗೈಯಲ್ಲಿ ಕಪ್ಪು ಗೆರೆಗಳಾಗಿ ಉಳಿದಿವೆ, ಯಾವ ಸೋಪಿಗೂ ಜಗ್ಗುವುದಿಲ್ಲ. ಈಗ ದಿನಕ್ಕೆ ಎರಡು ಗಾಡಿ, ಶನಿವಾರ ಮೂರು. ಮಧ್ಯಾಹ್ನದ ಮುದ್ದೆಯನ್ನೂ ಸ್ಪೂನಿನಲ್ಲೇ ಮುರಿದು ನುಂಗುತ್ತಾರೆ, ಕೈಯ ವಾಸನೆ ಸಾರಿಗೆ ಹತ್ತುತ್ತದೆಂದು.

"ಮದ್ವೆ ಮನೇಲೂ ಸ್ಪೂನ್ ಕೇಳ್ತಾರೆ," ಎಂದು ನಗುತ್ತಾರೆ ಹೆಂಡತಿ ಆಂಜನಮ್ಮ. "ಅದಾದ್ರೂ ಸಹಿಸ್ಕೊಬೋದು. ಮನೇಲಿ ನನ್ ಹೆಸ್ರು ಕರೆದಿದ್ದಕ್ಕಿಂತ ಹಬೀಬ್ ಹೆಸ್ರು ಕರೆದಿದ್ದೇ ಜಾಸ್ತಿ. ಅವನು ಹೊಸ ಚಪ್ಪಲಿ ತಗೊಂಡ್ರೂ ನಮ್ಮನೇಲಿ ಅವತ್ತು ಊಟ ಸೇರಲ್ಲ."

ಇನ್ನೂ ಉರಿಯುವ ಸಂಗತಿಯೊಂದಿದೆ. ಹಬೀಬನನ್ನು ಈ ಶೆಡ್ಡಿಗೆ ಕರೆತಂದವರು ಮುನಿಶಾಮಿಯೇ. ಫ್ರೇಜರ್ ಟೌನಿನಲ್ಲಿ ಅವನು ಕೆಲಸವಿಲ್ಲದೆ ಕೂತಿದ್ದಾಗ, ಒಳ್ಳೆ ಕೈ, ಹಾಳಾಗಬಾರದು ಎಂದು ಓನರ್ ಮುನಿನಾರಾಯಣಪ್ಪನವರ ಹತ್ತಿರ ಬೇಡಿ ಜಾಗ ಕೊಡಿಸಿದ್ದರು. ಮಾಡಿದ್ದುಣ್ಣೋ ಮಹಾರಾಯ ಎಂದು ಆಂಜನಮ್ಮ ಚುಚ್ಚುವುದು ಈ ಕಾರಣಕ್ಕೇ.

ಮುನಿನಾರಾಯಣಪ್ಪನವರದು ಹಳೇ ಊರಿನ ಮನೆತನ. ತಾತ ರಾಗಿ ಬೆಳೆದ ಜಾಗದಲ್ಲಿ ಈಗ ಶೆಡ್ಡು ಹಾಕಿಸಿದ್ದಾರೆ. ಎರಡು ತಿಂಗಳ ಹಿಂದೆ, ತುಕ್ಕು ಹಿಡಿದ ಬೋರ್ಡ್ ಇಳಿಸಿ ಹೊಸದು ಬರೆಸುವ ಮನಸ್ಸಾಯಿತು ಅವರಿಗೆ. ಅದರಲ್ಲಿ ಹಬೀಬನ ಹೆಸರು ದೊಡ್ಡದಾಗಿ ಬರುತ್ತದೆಂಬ ಸುದ್ದಿ ಶೆಡ್ಡಿನಲ್ಲಿ ಹಬ್ಬಿತು. ಬಾಯಿ ಬಿಟ್ಟು ಏನನ್ನೂ ಕೇಳಿದ ಆಸಾಮಿಯಲ್ಲ ಮುನಿಶಾಮಿ. ಅಂದು ಕೇಳಿಯೇಬಿಟ್ಟರು.

"ನನ್ ಹೆಸ್ರೂ ಹಾಕ್ಸಿ ಯಜಮಾನ್ರೇ, ಕೆಳಗಡೆ ಆದ್ರೂ ಪರ್ವಾಗಿಲ್ಲ."

"ಇಂಜಿನ್ ಒಳಗಡೆ ಯಾರಯ್ಯಾ ಇಣುಕಿ ನೋಡ್ತಾರೆ? ಜನ ಬರೋದು ಶೈನಿಂಗ್‌ಗೆ," ಎಂದರು ಮುನಿನಾರಾಯಣಪ್ಪ.

ಆ ಮಾತು ಎದೆಯಲ್ಲಿ ಮುಳ್ಳಾಗಿ ಉಳಿದ ಹೊತ್ತಿನಲ್ಲೇ ಕಮ್ಮನಹಳ್ಳಿಯ ರೇವತಿ ಎಂಬವರ ಕಾರು ಬಂತು. ಮನೆಯಲ್ಲೇ ಸಂಗೀತ ಪಾಠ ಹೇಳುವ ಅವರು ಭಾನುವಾರ ತಾಯಿಯನ್ನು ಕೋಲಾರಕ್ಕೆ ಕರೆದೊಯ್ಯಬೇಕಿತ್ತು. ಎಲ್ಲಿಂದಲೋ ಆಯಿಲ್ ಸೋರುತ್ತಿತ್ತು, ಎಲ್ಲಿಂದೆಂದು ಗೊತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಮೆಕ್ಯಾನಿಕ್ ಪ್ರೇಮ್‌ಕುಮಾರ್ ಬಂದು ನೋಡುವುದೆಂದು ಮಾತಾಯಿತು. ಶುಕ್ರವಾರ ಸಂಜೆಯೇ ಹಬೀಬ್ ಅದರ ಮೈಗೆ ಪಾಲಿಶ್ ಹಾಕಿ ನಿಲ್ಲಿಸಿದ್ದ. ಕಾರು ಮದುಮಗಳಂತೆ ಹೊಳೆಯುತ್ತಿತ್ತು.

ಶೆಡ್ಡಿನಲ್ಲೊಂದು ಕಟ್ಟಳೆಯಿದೆ: ಸೋರುವ ಗಾಡಿಗೆ ಮೊದಲು ಮೆಕ್ಯಾನಿಕ್ಕಿನ ಕಣ್ಣು, ಆಮೇಲೆ ಮುನಿಶಾಮಿಯ ಕೈ. ಆಯಿಲ್ ಎಲ್ಲಿಂದ ಹೊರಟು ಎಲ್ಲಿಗೆ ಇಳಿದಿದೆ ಎಂಬ ಒದ್ದೆ ದಾರಿ ಕೊಳೆಯಲ್ಲೇ ಕಾಣಬೇಕು. ತೊಳೆದರೆ ದಾರಿ ಅಳಿಸಿಹೋಗುತ್ತದೆ. ಇದನ್ನು ಎಲ್ಲರಿಗೂ ಬೈದು ಬೈದು ಕಲಿಸಿದವರೇ ಮುನಿಶಾಮಿ. ಆ ಶನಿವಾರ ನಸುಕಿನಲ್ಲಿ ಅವರೇ ಬಾನೆಟ್ ಎತ್ತಿದರು. ಹೊರಗೆ ಹೊಳಪು, ಒಳಗೆ ಕರಿ. ಯಜಮಾನರು ಬಂದಾಗ ಬಾನೆಟ್ ತೆರೆದೇ ಇಟ್ಟಿರಬೇಕು, ಒಳಗನ್ನೊಮ್ಮೆ ಕಣ್ತುಂಬ ನೋಡಲಿ ಎನ್ನಿಸಿತು. ಬ್ರಶ್ಶು ಹಿಡಿದರು. ಆ ಇಂಜಿನ್ನನ್ನು ಅವರು ಉಜ್ಜಿದ ಹಾಗೆ ಬೇರೆ ಯಾವುದನ್ನೂ ಉಜ್ಜಿಲ್ಲವಂತೆ.

ಪ್ರೇಮ್‌ಕುಮಾರ್ ಬಂದು ಬಗ್ಗಿ ನೋಡಿ ತಲೆ ಮೇಲೆ ಕೈ ಹೊತ್ತುಕೊಂಡರು. "ಯಾರ್ ಗುರು ಇದನ್ನ ತೊಳ್ದಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಮುನಿಶಾಮಿ ಎರಡೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಇನ್ನು ಗಾಡಿ ನಾಲ್ಕು ದಿನ ಓಡಿ ಮತ್ತೆ ಕೊಳೆಯಾದರೇ ಸೋರುವ ಜಾಗ ಸಿಗುವುದು, ಕೋಲಾರದ ಆಸೆ ಬಿಡಬೇಕು ಎಂದರು ಪ್ರೇಮ್‌ಕುಮಾರ್. ಗಾಡಿ ನೋಡಲು ಬಂದಿದ್ದ ರೇವತಿಯವರ ಮುಖ ಸಪ್ಪಗಾಯಿತು. ಮುನಿನಾರಾಯಣಪ್ಪ ಎಲ್ಲರ ಮುಂದೆ ಗುಡುಗಿದರು: "ಬೋರ್ಡ್ ಮೇಲೆ ಹೆಸ್ರು ಬೇಕಾ ನಿಂಗೆ? ನಾಳೆಯಿಂದ ಕೆಲ್ಸಕ್ಕೆ ಬರೋದೇ ಬೇಡ."

ಆಗ ಮಧ್ಯೆ ಬಂದವನು, ಬೇರೆ ಯಾರು, ಹಬೀಬ್. ಶೆಡ್ಡಿನ ಮೂಲೆಯಲ್ಲಿ ಮಧ್ಯಾಹ್ನದ ಹೊತ್ತು ಆಡಲು ಕೇರಂ ಇದೆ. ಅದರ ಪೌಡರಿನ ಡಬ್ಬಿ ತಂದ. "ಪ್ರೇಮಣ್ಣ, ಒಂದ್ಸಲ ಇದು ನೋಡೋಣ," ಎಂದು ತೊಳೆದ ಇಂಜಿನ್ನಿನ ಪಕ್ಕಗಳಿಗೆಲ್ಲ ತೆಳ್ಳಗೆ ಉದುರಿಸಿದ. ಪ್ರೇಮ್‌ಕುಮಾರ್ ಗಾಡಿಯನ್ನು ಬೈಯಪ್ಪನಹಳ್ಳಿಯವರೆಗೆ ಓಡಿಸಿ ತಂದರು. ಬಾನೆಟ್ ಎತ್ತಿದರೆ, ಬೆಳ್ಳಗಿನ ಪೌಡರಿನ ಮೇಲೆ ದಾರದಷ್ಟು ಸಣ್ಣ ಕಪ್ಪು ಗೆರೆಯೊಂದು ಇಳಿದಿತ್ತು. ಗೆರೆಯ ತುದಿಯಲ್ಲಿ ಹರಿದ ರಬ್ಬರ್ ವಾಷರ್. ಸಂಜೆಗೆ ಅದು ಬದಲಾಯಿತು, ಭಾನುವಾರ ರೇವತಿ ಕೋಲಾರಕ್ಕೆ ಹೋಗಿಬಂದರು.

"ಎಲ್ರೂ ಹಬೀಬ್ ಹಬೀಬ್ ಅಂತ ಕುಣಿದ್ರು," ಎನ್ನುತ್ತಾರೆ ಮುನಿಶಾಮಿ. "ನನ್ ಕೆಲ್ಸ ಉಳಿಸ್ದ ನಿಜ. ಅದೇ ಸಾರ್ ತಡ್ಕೊಳ್ಳಕ್ಕಾಗಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಹೊತ್ತು ಏರಿದೆ. ಇಸ್ತ್ರಿ ಶರ್ಟಿನ ಹಬೀಬ್ ಬಂದು, ಮುನಿಶಾಮಿಗೆ ಚಹಾ ಕೊಟ್ಟು, ಈ ಬಿಳಿ ಕಾರಿನ ಬಾನೆಟ್ ಒಳಗೆ ಇಣುಕುತ್ತಾನೆ. ಇವರು ಬ್ರಶ್ಶು ಬಿಡದೆಯೇ ಚಹಾ ತೆಗೆದುಕೊಳ್ಳುತ್ತಾರೆ. ಅವನು ಪಾಲಿಶ್ ಬಟ್ಟೆ ತರಲು ಒಳಗೆ ಹೋದ ಮೇಲೆ, ಮೊನ್ನೆ ನಡೆದದ್ದನ್ನು ಆಗಷ್ಟೇ ಶೆಡ್ಡಿಗೆ ಬಂದ ಮುನಿನಾರಾಯಣಪ್ಪನವರೇ ಹೇಳುತ್ತಾರೆ. ಬೋರ್ಡ್ ಬರೆಯುವವನಿಗೆ ಅಡ್ವಾನ್ಸ್ ಕೊಡಲು ಹೊರಟಾಗ ಹಬೀಬ್ ಅಡ್ಡ ನಿಂತನಂತೆ.

"'ಮುನಿಶಾಮಣ್ಣನ ಹೆಸ್ರಿಲ್ದೆ ನನ್ದು ಹಾಕ್ಬೇಡಿ, ಅವತ್ತು ಆ ಗೆರೆ ಕಂಡಿದ್ದು ಪೌಡರಿಂದ ಅಲ್ಲ, ಅಷ್ಟು ಕ್ಲೀನಾಗಿ ತೊಳ್ದಿದ್ದಕ್ಕೆ' ಅಂದ. ನಂಗೂ ಹೌದನ್ನಿಸ್ತು. ಇಬ್ರದೂ ಬರೆಸ್ತೀನಿ, ಒಂದೇ ಸೈಜು."

ಈ ಸುದ್ದಿ ಮುನಿಶಾಮಿಗೆ ಮೊನ್ನೆಯೇ ಗೊತ್ತು. ಸಂತೋಷವಾಯಿತೇ ಎಂದು ಕೇಳಿದರೆ ಬ್ರಶ್ಶನ್ನು ಬಕೀಟಿಗೆ ಹಾಕಿ, ಬನಿಯನ್ ವೇಸ್ಟಿನಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಳ್ಳುತ್ತಾರೆ. ಬೋರ್ಡಿನಲ್ಲಿ ಹೆಸರು ನೋಡಲು ಆಂಜನಮ್ಮನನ್ನು ಕರೆತರಬೇಕಂತೆ, ಅವಳಿಗೆ ಹೊಸ ಸೀರೆ ಉಡಿಸಿ. ಅಷ್ಟು ಹೇಳುವಾಗ ಮುಖ ಅರಳುತ್ತದೆ. ಒಳಗಿನಿಂದ ಹಬೀಬನ ಸಿಳ್ಳೆ ಕೇಳಿಸುತ್ತಲೇ ಮತ್ತೆ ಗಂಟಿಕ್ಕುತ್ತದೆ.

"ಸಂತೋಷ ಇದೆ ಸಾರ್, ಇಲ್ಲ ಅನ್ನಲ್ಲ. ಆದ್ರೆ ನೋಡಿ, ಒಳ್ಳೆಯವ್ನಾಗೋದ್ರಲ್ಲೂ ಅವನೇ ಮುಂದೆ ಹೋಗ್ಬಿಟ್ಟ. ನಂಗಿನ್ನೇನೂ ಬೇಡ. ನನ್ನ ನೋಡಿ ಅವನು ಒಂದ್ಸಲ ಹೊಟ್ಟೆ ಉರ್ಕೊಬೇಕು. ಒಂದೇ ಒಂದ್ಸಲ, ಸಾಕು."