ಹಿಂದೆ ಬರುವ ಖಾಲಿ ಬಸ್ಸು

ಜೂನ್ ಬಂತೆಂದರೆ ನನ್ನ ಮೈ ಉರಿಯುತ್ತದೆ. ಮುಂಡಗೋಡದ ದಾರಿಯ ಬಸ್ಸಿನಲ್ಲಿ ಹನ್ನೊಂದು ವರ್ಷದಿಂದ ಕಂಡಕ್ಟರ್ ಆಗಿದ್ದೇನೆ. ಶಾಲೆ ಶುರುವಾಗುವ ವಾರ ಡಿಪೋದಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಮಕ್ಕಳು ಮೊದಲ ದಿನದಿಂದಲೇ ಹೊತ್ತಿಗೆ ಸರಿಯಾಗಿ ಶಾಲೆ ಮುಟ್ಟಬೇಕು, ಕೈ ಮಾಡಿದಲ್ಲಿ ನಿಲ್ಲಿಸಿ ಎಂದು ಭಾಷಣ ಮಾಡುತ್ತಾರೆ. ನಾವು ಚಹಾ ಕುಡಿದು ಬರುತ್ತೇವೆ. ಬಸ್ಸು ಮಾತ್ರ ಒಂದನ್ನೂ ಹೆಚ್ಚಿಗೆ ಬಿಡುವುದಿಲ್ಲ.

ಒಂದು ವರ್ಷ ಶಾಲೆ ಶುರುವಾದ ದಿನ ಚಿಗಳ್ಳಿಯ ಆಚೆ, ಎಮ್ಮೆ ಸಾಕುವವರ ಗೌಳಿವಾಡದ ತಿರುವಿನಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಹೊಸ ಸಮವಸ್ತ್ರ, ಬಿಗಿಯಾಗಿ ಕಟ್ಟಿದ ಎರಡು ಜಡೆ. ಅಲ್ಲಿಯ ಶಾಲೆ ಏಳನೆಯ ತರಗತಿಗೇ ಮುಗಿಯುತ್ತದೆ. ಎಂಟನೆಯ ತರಗತಿಗೆ ಮುಂಡಗೋಡಕ್ಕೆ ಬರಬೇಕು. ಕೈ ಮಾಡಿದಳು. ನಮ್ಮ ಡ್ರೈವರ್ ಕಿಟಕಿಯಿಂದ, "ಹಿಂದ ಖಾಲಿ ಬಸ್ ಬರಾಕತ್ತೈತಿ" ಎಂದು ಕೂಗಿ ಮುಂದೆ ಹೋದ. ಹಿಂದೆ ಯಾವ ಬಸ್ಸೂ ಇರಲಿಲ್ಲ. ಮುಂದಿನದು ಬರುವುದು ಹನ್ನೊಂದಕ್ಕೆ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಬೆಲ್ಲಿನ ಹಗ್ಗ ನನ್ನ ತಲೆಯ ಮೇಲೇ ಇತ್ತು, ಎಳೆಯಲಿಲ್ಲ. ಬಾಗಿಲ ತನಕ ಜನ ತುಂಬಿದ್ದರು, ನನಗೂ ಸಾಕಾಗಿತ್ತು.

ಎರಡನೆಯ ದಿನ ಬೆಲ್ ಹೊಡೆದೆ. ಮಹಾರಾಯ ಒಂದು ಫರ್ಲಾಂಗ್ ಮುಂದೆ ಹೋಗಿ ನಿಲ್ಲಿಸಿದ. ಅವಳು ಓಡೋಡಿ ಬಾಗಿಲ ಹತ್ತಿರ ಬರುವಷ್ಟರಲ್ಲಿ ಹೊರಟೇಬಿಟ್ಟ. ಹಿಂದಿನ ಸೀಟಿನವರು ನಕ್ಕರು. ಅದರಲ್ಲಿ ನಗುವಂಥದ್ದು ಏನಿತ್ತೋ, ನನಗೆ ಇವತ್ತಿಗೂ ತಿಳಿದಿಲ್ಲ.

ಮೂರನೆಯ ದಿನ ತಿರುವು ಬರುವ ಮೊದಲೇ ಡ್ರೈವರನ ಬೆನ್ನ ಹಿಂದೆ ಹೋಗಿ ನಿಂತೆ. "ನಿಲ್ಲಸ್ರಿ. ಇಲ್ಲಂದ್ರ ನಾ ಇಲ್ಲೇ ಇಳದು ಡಿಪೋಕ್ಕ ಫೋನ್ ಮಾಡ್ತೇನಿ" ಎಂದೆ. ಗೊಣಗುತ್ತ ನಿಲ್ಲಿಸಿದ. ಹುಡುಗಿ ಹತ್ತಿ ನನ್ನ ಪಕ್ಕದಲ್ಲೇ ಕಂಬ ಹಿಡಿದು ನಿಂತಳು.

"ಅಕ್ಕಾರ, ಇನ್ನೊಂದು ದಿನ ಬಸ್ ತಪ್ಪಿದ್ರ ಸಾಲಿ ಬ್ಯಾಡ, ಎಮ್ಮಿ ಕಾಯಾಕ ಹೋಗು ಅಂದಾನ ನಮ್ಮಪ್ಪ."

"ನಾ ಇರೂ ತನಕ ತಪ್ಪೂದಿಲ್ಲ. ನೀ ಬಾ" ಎಂದೆ, ಬಸ್ಸು ನನ್ನ ಸ್ವಂತದ್ದೇ ಎನ್ನುವ ಹಾಗೆ.

ಮರುದಿನ ನನ್ನ ವಾರದ ರಜೆ. ರಜೆ ಮರೆತಿರಲಿಲ್ಲ, ರಜೆಯ ಖುಷಿಯಲ್ಲಿ ಹುಡುಗಿಯನ್ನೇ ಮರೆತೆ. ನನ್ನ ಬದಲಿಗೆ ಹೋಗುವವನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು ಮಲಗಿದೆ.

ಅದರ ಮಾರನೆಯ ದಿನ ತಿರುವಿನಲ್ಲಿ ಯಾರೂ ಇರಲಿಲ್ಲ. ಆದರೂ ಬೆಲ್ ಹೊಡೆದೆ.

"ಯಾರ ಅದಾರ್ರೀ ಇಲ್ಲೆ? ದೆವ್ವಕ್ಕ ಟಿಕೇಟ್ ಕೊಡ್ತೀರೇನು?" ಎಂದ ಡ್ರೈವರ್. ಅವನ ಕುತ್ತಿಗೆ ಹಿಚುಕಬೇಕೆನ್ನಿಸಿತು. ಅದಕ್ಕಿಂತ ಮೊದಲು ನನ್ನದನ್ನು.

ಸ್ವಲ್ಪ ಮುಂದೆ ಬೆಲ್ ಇಲ್ಲದೆಯೇ ಬಸ್ಸು ನಿಂತಿತು. ರಸ್ತೆಯ ತುಂಬ ಎಮ್ಮೆಗಳು. ಹುಡುಗಿಗೆ ನಿಲ್ಲದವನು ಎಮ್ಮೆಗಳಿಗೆ ನಿಂತಿದ್ದ, ಹಾರ್ನ್ ಒತ್ತಿಯೇ ಒತ್ತಿದ. ಅವುಗಳ ಹಿಂದೆ ಕೋಲು ಹಿಡಿದುಕೊಂಡು ಅವಳೇ ಬರುತ್ತಿದ್ದಳು. ನಾನು ಬಾಗಿಲು ತೆಗೆದು, "ಹತ್ತ ಬಾ, ನಿಮ್ಮಪ್ಪಗ ನಾ ಹೇಳ್ತೇನಿ" ಎಂದೆ.

ಅವಳು ಸಿಟ್ಟಾಗಲಿಲ್ಲ, ಅಳಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಎಮ್ಮೆಗಳನ್ನು ಒಂದೊಂದಾಗಿ ಬದಿಗೆ ಹೊಡೆದು ನಮಗೆ ದಾರಿ ಮಾಡಿಕೊಟ್ಟಳು.

"ಒಳಗ ಸಾಲಿ ಹುಡುಗೂರು ಅದಾರ. ಅವರಿಗೆ ಲೇಟ್ ಆಕ್ಕೇತಿ, ಹೋಗ್ರಿ ಅಕ್ಕಾರ" ಎಂದಳು.

ಹೊರಡಲು ಎರಡು ಬೆಲ್ ಹೊಡೆಯಬೇಕಾದವಳು ನಾನೇ. ಹೊಡೆದೆ.