ಇಲ್ಲದ ಕಂಬಗಳು

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಆಮೇಲೆ ಬದುಕೆಲ್ಲ ಮೈಸೂರಿನಲ್ಲಿ ಶಾಮಿಯಾನ ಹಾಕಿಸುವ ಕೆಲಸ. ಮದುವೆ ಮನೆಯ ಮುಂದೆ ಪ್ಲೈವುಡ್ಡಿನ ಕಂಬ ನಿಲ್ಲಿಸಿ, ಬಿಳಿ ಬಟ್ಟೆ ಸುತ್ತಿ, ಬಾಡಿಗೆ ಮನೆಯನ್ನೂ ಅರಮನೆ ಮಾಡುತ್ತಿದ್ದೆ. "ಗ್ರ್ಯಾಂಡಾಗಿ ಮಾಡ್ಕೊಡಿ" ಎನ್ನುತ್ತಿದ್ದರು ಗಿರಾಕಿಗಳು. ಆ ಮಾತು ನನ್ನ ನಾಲಿಗೆಗೂ ಅಂಟಿಕೊಂಡಿತು. ಅದರಿಂದಲೇ ಒಬ್ಬ ಒಳ್ಳೆಯ ಮನುಷ್ಯನನ್ನು ನೋಯಿಸಿದೆ.

ಕೊರೊನಾ ಬಂದಾಗ ಐರ್ಲೆಂಡಿನ ಬ್ಯಾಲಿನ್‌ಕೊಲಿಗ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಅವಳಿಗೆ ರಿಂಗಾಸ್ಕಿಡಿಯ ಔಷಧಿ ಕಾರ್ಖಾನೆಯಲ್ಲಿ ಕೆಲಸ. ಲಾಕ್‌ಡೌನ್ ಆದರೂ ಹೋಗಲೇಬೇಕು. ಪಕ್ಕದ ಮನೆಯಲ್ಲಿ ಒಂಟಿಯಾಗಿದ್ದವರು ಒಬ್ಬ ಜರ್ಮನ್ ಮುದುಕರು, ನನಗಿಂತ ಹಿರಿಯರು. ಹಿತ್ತಲಿನ ಮೋಟುಗೋಡೆಯ ಆಚೆ ಅವರ ಮಡಚುವ ಕುರ್ಚಿ, ಈಚೆ ನನ್ನದು. ನನ್ನ ಮುರುಕು ಇಂಗ್ಲಿಷು, ಅವರ ನಿಧಾನದ ಇಂಗ್ಲಿಷು ಚೆನ್ನಾಗಿ ಹೊಂದಿಕೊಂಡವು.

ಅವರು ಆರ್ಕಿಟೆಕ್ಟ್. ಯುದ್ಧ ಮುಗಿದಾಗ ಸಣ್ಣ ಹುಡುಗ. ಅವರ ಊರಿನ ಸರ್ಕಾರಿ ಕಚೇರಿ ಬಾಂಬಿಗೆ ಉರುಳಿ, ಮುಂದಿನ ಎತ್ತರದ ಮೆಟ್ಟಿಲು, ದಪ್ಪ ಕಂಬಗಳು ಮಾತ್ರ ಉಳಿದಿದ್ದವಂತೆ. "ಬಾಂಬ್ ಬೀಳೋಕೆ ಮುಂಚೆ ನಮ್ಮಮ್ಮ ಆ ಮೆಟ್ಟಿಲು ಹತ್ತೋವಾಗ್ಲೆಲ್ಲ ನನ್ನ ಕೈ ಗಟ್ಟಿಯಾಗಿ ಹಿಡ್ಕೋತಿದ್ರು, ಒಳಗಿನ ಅಧಿಕಾರಿಗಳ ಭಯಕ್ಕೆ" ಎಂದಿದ್ದರು. ಹರೆಯದಲ್ಲೇ ಈ ದೇಶಕ್ಕೆ ಬಂದು ಸಣ್ಣ ಊರುಗಳಿಗೆ ಗ್ರಂಥಾಲಯ, ಆಸ್ಪತ್ರೆ, ಅಂಚೆ ಕಚೇರಿ ಕಟ್ಟಿಸಿದರು. ಅದಕ್ಕೇ ಎಲ್ಲಕ್ಕೂ ಬೀದಿಯ ಮಟ್ಟದಲ್ಲೇ ಬಾಗಿಲು. ಪಕ್ಕದಲ್ಲಿ ಸೂರಿನಡಿ ಒಂದು ಬೆಂಚು, ಮಳೆ ಬಂದರೆ ಯಾರನ್ನೂ ಕೇಳದೆ ಕೂರಲು. ಇದನ್ನೆಲ್ಲ ನಾನು ತಲೆಯಾಡಿಸುತ್ತ ಕೇಳಿದ್ದೆ. ತಲೆಯಲ್ಲಿ ಉಳಿದದ್ದು ಮಾತ್ರ ಕಂಬ, ಮೆಟ್ಟಿಲು.

ಅವರ ಕೊನೆಯ ಗ್ರಂಥಾಲಯ ನಡೆದು ಹೋಗುವಷ್ಟು ದೂರದಲ್ಲಿತ್ತು. ಅದರ ರಿಪೇರಿ ನಡೆದಿದೆ ಎಂದು ಯಾರೋ ಅವರಿಗೆ ಹೇಳಿದ್ದರು. ಸೊಂಟ ನೋವಿನಿಂದ ಅವರು ಹಿತ್ತಲು ದಾಟಿ ನಡೆಯಲಾರರು; ವಿಮಾನಗಳ ಓಡಾಟ ಶುರುವಾದರೆ ತಂಗಿ ಬಂದು ಜರ್ಮನಿಗೆ ಕರೆದೊಯ್ಯುವವಳಿದ್ದಳು.

"ಆ ಬೆಂಚು ಇದೆಯೋ, ಕಿತ್ತಿದ್ದಾರೋ ನೋಡ್ಕೊಂಡ್ ಬರ್ತೀರಾ? ಅದೊಂದು ಗೊತ್ತಾದ್ರೆ ನೆಮ್ಮದಿಯಾಗಿ ಹೊರಡ್ತೀನಿ."

ಹೊರಟೆ. ಅರ್ಧ ದಾರಿಯಲ್ಲಿ ಮಳೆ. ಗಾಳಿಗೆ ಕೊಡೆ ಮಗುಚಿತು. ವಾಪಸು ಬಂದುಬಿಟ್ಟೆ. ಸಂಜೆ, ಅವರಿಗೆ ಖುಷಿಯಾಗಲಿ ಎಂದು ಹೇಳಿದೆ: "ವೆರಿ ಗ್ರ್ಯಾಂಡ್, ಸರ್! ಎಂಥಾ ಕಂಬ! ಎಂಥಾ ಮೆಟ್ಟಿಲು! ಬೆಂಚೂ ಇದೆ."

"ಕಂಬಗಳಾ?" ಎಂದರು. ಕುರ್ಚಿ ಮಡಚಿಕೊಂಡು ಒಳಗೆ ಹೋದರು. ಆಮೇಲೆ ಎರಡು ದಿನ ಆ ಕುರ್ಚಿ ಹೊರಗೇ ಬರಲಿಲ್ಲ.

ಅವರಿಗೆ ಹಾಲು ಕೊಡಲು ಹೋಗಿದ್ದ ಮಗಳು ಬಂದು ಕೇಳಿದಳು, "ಅಪ್ಪಾ, ಅವ್ರಿಗೆ ಏನ್ ಹೇಳಿದ್ರಿ? ರಿಪೇರಿಯೋರು ಲೈಬ್ರರಿಗೆ ಕಂಬ, ಮೆಟ್ಟಿಲು ಕಟ್ಬಿಟ್ಟಿದ್ದಾರೆ ಅಂತ ಊಟ ಬಿಟ್ಟು ಕೂತಿದ್ದಾರೆ."

"ಚೆನ್ನಾಗಿದೆ ಅಂತ್ಲೇ ಹೇಳ್ದೆ ಕಣಮ್ಮ. ಗ್ರ್ಯಾಂಡ್ ಅಂದೆ."

"ಅಲ್ಲಿ ಕಂಬ ಎಲ್ಲಿತ್ತು? ನಿಮ್ ಶಾಮಿಯಾನ ಸಾಮಾನೆಲ್ಲ ಇಲ್ಲಿಗೂ ತಂದ್ರಾ? ಮತ್ತೆ ಇಲ್ಲಿ ಗ್ರ್ಯಾಂಡ್ ಅಂದ್ರೆ ಅದ್ಧೂರಿ ಅಲ್ಲ ಅಪ್ಪಾ. ಪರವಾಗಿಲ್ಲ, ಸಾಕು ಅಂತ, ಅಷ್ಟೇ."

ನಾಚಿಕೆಯಾಯಿತು. ಆಗಲೇ ಹೊರಟೆ. ಆವತ್ತೂ ಮಳೆ. ಗ್ರಂಥಾಲಯ ನೋಡಿದರೆ ಯಾರದೋ ಮನೆಯ ಹಾಗೆ ತಗ್ಗಾಗಿತ್ತು. ಮುಚ್ಚಿದ ಬಾಗಿಲಿನ ಪಕ್ಕ ಬೆಂಚಿತ್ತು. ಒಂದು ತುದಿಯಲ್ಲಿ ಮಾಸ್ಕ್ ಹಾಕಿದ ಹೆಂಗಸು ಅಂಗಡಿ ಚೀಲ ಇಟ್ಟುಕೊಂಡು ಕೂತಿದ್ದಳು. ನಾನು ಇನ್ನೊಂದು ತುದಿಯಲ್ಲಿ ಕೂತೆ. ಬೆನ್ನಿಗೆ ಗೋಡೆ ಹಿತವಾಗಿತ್ತು. ಒಂದು ಹನಿಯೂ ತಾಗಲಿಲ್ಲ.

ವಾಪಸು ಬಂದು ಗೋಡೆಯ ಬಳಿ ನಿಂತು ಕೂಗಿದೆ. ಅವರು ಬಾಗಿಲಿಗೆ ಬಂದರು.

"ಸರ್, ಅವತ್ತು ನಾನು ಹೋಗೇ ಇರ್ಲಿಲ್ಲ. ಸುಳ್ಳು ಹೇಳ್ದೆ. ಕಂಬ ಇಲ್ಲ, ಮೆಟ್ಟಿಲಿಲ್ಲ. ಬೆಂಚಿದೆ. ಈಗ ಅಲ್ಲೇ ಕೂತಿದ್ದು ಬಂದೆ. ತಪ್ಪಾಯ್ತು."

ನನ್ನ ಒದ್ದೆ ಪ್ಯಾಂಟು ನೋಡಿದರು.

"ಬೇರೆ ಯಾರಾದ್ರೂ ಕೂತಿದ್ರಾ?"

"ಒಬ್ಬ ಹೆಂಗಸು. ಮಳೆ ನಿಲ್ಲೋವರೆಗೂ ಏಳಲಿಲ್ಲ."

"ಮತ್ತೆ ಆ ಕಂಬಗಳು?"

"ಮೈಸೂರಿಗೆ ವಾಪಸ್ ಕಳಿಸ್ದೆ, ಸರ್."

ನಕ್ಕರು. ಕೆಮ್ಮು ಬರುವಷ್ಟು ನಕ್ಕು, "ಹಾಗಾದ್ರೆ ಹೇಗಿದೆ?" ಎಂದರು.

"ಗ್ರ್ಯಾಂಡ್" ಎಂದೆ, ಈ ಊರಿನವರ ಹಾಗೆ, ಮೆತ್ತಗೆ.

ಅವರು ಒಳಗೆ ಹೋಗಿ ಕುರ್ಚಿ ತಂದರು.